ಫೆಬ್ರುವರಿಯ ಗೋಜೋ

ಮೆಡಿಟರೇನಿಯನ್ ದ್ವೀಪವೊಂದಕ್ಕೆ ಫೆಬ್ರುವರಿಯಲ್ಲಿ ಈಜುಡುಗೆ ಹೊತ್ತೊಯ್ದವನು ಬಹುಶಃ ನಾನೊಬ್ಬನೇ. ಮಾಲ್ಟಾದ ಪಕ್ಕದ ಗೋಜೋ ದ್ವೀಪದಲ್ಲಿ ಹಡಗಿನಿಂದ ಇಳಿದೆವೋ ಇಲ್ಲವೋ, ಗಾಳಿಗೆ ನನ್ನ ಟೋಪಿ ಸಮುದ್ರದ ಪಾಲಾಯಿತು. ಹೆಂಡತಿ ವಿಮಲಾ ತನ್ನ ಶಾಲು ತೆಗೆದು ನನ್ನ ತಲೆಗೆ ಸುತ್ತಿದಳು. ಮದುವೆಯಾಗಿ ನಲವತ್ತು ವರ್ಷವಾದ ಮೇಲೆ ಇಂಥದ್ದಕ್ಕೆಲ್ಲ ನಾಚಿಕೆ ಉಳಿದಿರುವುದಿಲ್ಲ.

ಸೀಸನ್ ಅಲ್ಲದ ಹೊತ್ತಿನಲ್ಲಿ ನಮ್ಮನ್ನು ಅಲ್ಲಿಗೆ ಅಟ್ಟಿದವರು ಚಾರ್ಲಿ. ಸಿಡ್ನಿಯ ರೌಸ್ ಹಿಲ್‌ನಲ್ಲಿ ನಮ್ಮ ಪಕ್ಕದ ಮನೆಯವರು. ಹತ್ತನೇ ವಯಸ್ಸಿಗೆ ಗೋಜೋದಿಂದ ಬಂದವರು ಮತ್ತೆ ಆ ಕಡೆ ಹೋಗಿಲ್ಲ. ಈಗ ಎಂಬತ್ತು ದಾಟಿದೆ. ಬೇಲಿಗೆ ಒರಗಿ ಊರಿನ ಮಾತು ತೆಗೆದರೆ ಮುಗಿಯಿತು: ಗುಡ್ಡವೆಲ್ಲ ಹಸಿರಂತೆ, ಬದುವಿನ ತುಂಬ ಹಳದಿ ಹೂವಂತೆ, ಅದರ ದಂಟು ಅಗಿದರೆ ಹುಳಿಯಂತೆ.

ಮೆಲ್ಬರ್ನ್‌ನಲ್ಲಿರುವ ಅವರ ಮಗಳು ತೆರೇಸಾ ಎರಡು ಸಲ ಜುಲೈ ರಜೆಯಲ್ಲಿ ಅಲ್ಲಿಗೆ ಹೋಗಿದ್ದಳು. ತಂದ ಫೋಟೋಗಳಲ್ಲಿ ಇದ್ದದ್ದು ನೀಲಿ ಸಮುದ್ರ, ಬಿಸಿಲಿಗೆ ಸುಟ್ಟ ಕಂದು ನೆಲ. ಇದು ನನ್ನ ಊರೇ ಅಲ್ಲ ಎಂದು ಚಾರ್ಲಿ ಪಕ್ಕಕ್ಕೆ ತಳ್ಳಿದರಂತೆ. ಅಪ್ಪನಿಗೆ ಮರೆವು, ಇಲ್ಲದ ಹಸಿರನ್ನು ಕಟ್ಟಿಕೊಂಡಿದ್ದಾರೆ ಎಂದು ತೆರೇಸಾ ನಮ್ಮ ಮುಂದೆ ಅತ್ತಿದ್ದಳು. ಮಾತ್ರೆ, ಬೀಗದ ಕೈ ಎಲ್ಲವನ್ನೂ ಅವರು ಮರೆಯುತ್ತಿದ್ದುದು ನಿಜ. ನಾವೂ ತಲೆಯಾಡಿಸಿದ್ದೆವು. ನಾವು ಯುರೋಪಿಗೆ ಹೊರಟ ಸುದ್ದಿ ಕೇಳಿ ಚಾರ್ಲಿ ಬೇಡಿದ್ದು ಒಂದೇ, ಗೋಜೋಗೆ ಫೆಬ್ರುವರಿಯಲ್ಲಿ ಹೋಗಿ ಎಂದು.

ಹೋದರೆ, ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ಹೋಟೆಲಿನ ಕುರ್ಚಿಗಳು ಒಂದರ ಮೇಲೊಂದು ಕೂತು ಸರಪಳಿ ಬಿಗಿಸಿಕೊಂಡಿದ್ದವು. ತೆರೆದಿದ್ದ ಒಂದೇ ಕಾಫಿ ಅಂಗಡಿಯ ಅಜ್ಜಿ ನಮ್ಮನ್ನು ದಾರಿ ತಪ್ಪಿದವರೆಂದುಕೊಂಡು ಮೊದಲು ಬಸ್ ಸ್ಟಾಪ್ ತೋರಿಸಿದರು, ಆಮೇಲೆ ಕಾಫಿ ಕೊಟ್ಟರು. ಚಾರ್ಲಿಯ ಹಳ್ಳಿಯ ಹೆಸರು ಹೇಳಿದಾಗ ಗುಡ್ಡದ ದಾರಿ ತೋರಿಸಿದರು.

ಏದುಸಿರು ಬಿಡುತ್ತ ತಿರುವು ದಾಟಿದೆವು. ವಿಮಲಾ ನಿಂತುಬಿಟ್ಟಳು. ಕಲ್ಲಿನ ಗೋಡೆಗಳ ನಡುವೆ, ಕಣ್ಣು ಹಾಯುವಷ್ಟು ದೂರ, ಚಳಿಗಾಲದ ಮಳೆಗೆ ಚಿಗುರಿದ ಹಸಿರು. ಬದುವಿನ ತುಂಬ ಹಳದಿ ಹೂ.

"ರೀ, ಅವ್ರು ಹೇಳಿದ್ದೆಲ್ಲ ನಿಜ ಕಣ್ರೀ," ಎಂದಳು. "ನಾವೇ ಸುಮ್ನೆ ಮರೆವು ಅಂದ್ಕೊಂಡ್ವಿ."

ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿದೆವು. ಸಿಡ್ನಿಯಲ್ಲಿ ಸಂಜೆ, ಅಪ್ಪನನ್ನು ನೋಡಲು ಬಂದಿದ್ದ ತೆರೇಸಾ ಫೋನ್ ಹಿಡಿದಿದ್ದಳು. ನಾನೊಂದು ದಂಟು ಕಿತ್ತು ಅಗಿದೆ. ಹುಳಿಗೆ ನನ್ನ ಮುಖ ಕಿವುಚಿದ್ದನ್ನು ಕಂಡು ಚಾರ್ಲಿ ನಕ್ಕರು. ಆಮೇಲೆ ಮಗಳ ಕಡೆ ತಿರುಗಿ ಮೆಲ್ಲಗೆ, "ನೋಡಿದ್ಯಾ? ನಾನಿನ್ನೂ ಪೂರ್ತಿ ಮರೆತಿಲ್ಲಮ್ಮ," ಎಂದರು.

ತೆರೇಸಾಳ ಕೈಯಿಂದ ಫೋನ್ ಜಾರಿರಬೇಕು, ಸ್ವಲ್ಪ ಹೊತ್ತು ನಮಗೆ ಅವರ ಮನೆಯ ಸೂರು ಮಾತ್ರ ಕಂಡಿತು.

ಈಗೀಗ ಚಾರ್ಲಿ ನನ್ನ ಹೆಸರನ್ನೂ ಮರೆಯುತ್ತಾರೆ. ತೆರೇಸಾ ಮಾತ್ರ ಅವರನ್ನು ತಿದ್ದುವುದು ಬಿಟ್ಟಿದ್ದಾಳೆ. ಬಂದಾಗಲೆಲ್ಲ ಪಕ್ಕದಲ್ಲಿ ಕೂತು ಆ ಊರಿನ ಬಗ್ಗೆ ಕೇಳಿ ಕೇಳಿ ಬರೆದುಕೊಳ್ಳುತ್ತಾಳೆ.

ನಾನಂತೂ ಇಷ್ಟು ವರ್ಷ ನನ್ನೂರು ಮೈಸೂರಿಗೆ ಡಿಸೆಂಬರ್ ರಜೆಯಲ್ಲೇ ಹೋಗಿ, ಮೈಸೂರು ಮೊದಲಿನ ಹಾಗಿಲ್ಲ ಎಂದು ಗೊಣಗಿಕೊಂಡು ಬಂದವನು. ನನ್ನ ನೆನಪಿನ ಮೈಸೂರಿನಲ್ಲೋ ರಸ್ತೆ ತುಂಬ ಹೊಂಗೆ ಹೂ ಉದುರಿರುತ್ತದೆ. ಈ ಸಲ ಏಪ್ರಿಲ್‌ಗೆ ಟಿಕೆಟ್ ಬುಕ್ ಮಾಡಿದ್ದೇನೆ. ಸೆಕೆ ತಡೆಯೋಕಾಗಲ್ಲ ಎಂದು ವಿಮಲಾ ರಾಗ ಎಳೆಯುತ್ತಿದ್ದಾಳೆ. ಇರಲಿ. ಊರು ಬದಲಾಗಿದೆಯೋ, ನಾನೇ ತಪ್ಪು ತಿಂಗಳಲ್ಲಿ ಹೋಗುತ್ತಿದ್ದೆನೋ, ಒಮ್ಮೆ ನೋಡಿಬಿಡಬೇಕು.