ಕಡಿದವಳ ಇನ್ನೊಂದು ಆಟ

ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಅಡುಗೆಕಟ್ಟೆ ಒರೆಸಿ, ಒದ್ದೆ ಅರಿವೆಯನ್ನು ಕಿಟಕಿಯ ಸರಳಿಗೆ ಹರವಿದ ಮೇಲೆ ನಾನು ಫೋನ್ ಹಿಡಿದು ಕೂರುತ್ತಿದ್ದೆ. ಹಾವೇರಿಯ ನಮ್ಮ ಓಣಿಯಲ್ಲಿ ಆ ಹೊತ್ತಿಗೆ ಹೆಚ್ಚು ಸದ್ದಿರುವುದಿಲ್ಲ. ಎದುರು ಮನೆಯ ಹೊಲಿಗೆಯಂತ್ರ ಒಂದಿಷ್ಟು ಓಡಿ ನಿಲ್ಲುತ್ತದೆ, ಮತ್ತೆ ಓಡುತ್ತದೆ. ಬೆಳಕು ಪರದೆಯ ಮೇಲೆ ಬೀಳದ ಹಾಗೆ ಸೆರಗನ್ನು ತುಸು ಮುಂದೆ ಎಳೆದುಕೊಂಡು ಬ್ಯಾಕ್‌ಗ್ಯಾಮನ್ ತೆರೆಯುತ್ತಿದ್ದೆ. ಎದುರಾಳಿ ಕಂಪ್ಯೂಟರ್. ಅದಕ್ಕೂ ಒಂದು ಮುಖ ಕೊಟ್ಟಿದ್ದಾರೆ: ಎರಡು ಚುಕ್ಕಿ ಕಣ್ಣಿನ ನೀಲಿ ಡಬ್ಬಿ. ಗೆದ್ದರೂ ಸೋತರೂ ಆ ಡಬ್ಬಿ ಒಂದೇ ಥರ ನಗುತ್ತದೆ. ಈ ನಡುವೆ ನಾನು ಅದರ ಜೊತೆ ಆಡುವುದನ್ನು ನಿಲ್ಲಿಸಿದ್ದೇನೆ. ಬೇಸರ ಬಂದು ನಿಲ್ಲಿಸಿದ್ದಲ್ಲ.

ಆ ಆಟವನ್ನು ಫೋನಿಗೆ ಹಾಕಿಕೊಟ್ಟವಳು ಮಗಳು. ಮಧ್ಯಾಹ್ನ ಸುಮ್ಮನೆ ಗೋಡೆ ನೋಡುತ್ತೀ, ಏನಾದರೂ ಆಡು ಎಂದು ಪಟ್ಟಿ ತೆರೆದು ತೋರಿಸಿದಳು. ಕ್ಯಾಂಡಿ, ಹಣ್ಣು, ಗುಳ್ಳೆ ಎಲ್ಲವನ್ನೂ ದಾಟಿ ನನ್ನ ಬೆರಳು ನಿಂತದ್ದು ಚೂಪು ತ್ರಿಕೋನಗಳ ಆ ಚಿತ್ರದ ಮೇಲೆ. ರಾಣೆಬೆನ್ನೂರಿನಲ್ಲಿ ನಾನು ಓದಿದ ಕಾನ್ವೆಂಟಿನ ಗಾಜಿನ ಕಪಾಟಿನಲ್ಲಿ ಅಂಥದ್ದೊಂದು ಹಲಗೆ ಇತ್ತು. ಒಂದು ಪಕ್ಕ ಭೂಗೋಳದ ಗುಂಡು, ಇನ್ನೊಂದು ಪಕ್ಕ ಓಟದ ಸ್ಪರ್ಧೆಯ ಬಟ್ಟಲು, ನಡುವೆ ಹಸಿರು ಬಟ್ಟೆ ಹೊದಿಸಿದ ಮರದ ಪೆಟ್ಟಿಗೆ, ಒಳಗೆ ಕೆಂಪು-ಬಿಳಿ ತ್ರಿಕೋನಗಳು. ಇದನ್ನು ಹೇಗೆ ಆಡುವುದು ಎಂದು ಒಮ್ಮೆ ಸಿಸ್ಟರ್ ಅವರನ್ನು ಕೇಳಿದ್ದೆ. ತಮಗೂ ಗೊತ್ತಿಲ್ಲ, ಯಾರೋ ಕೊಟ್ಟದ್ದು, ಚೆಂದವಾಗಿದೆಯೆಂದು ಇಟ್ಟಿದ್ದೇವೆ ಎಂದು ನಕ್ಕರು. ನಾನು ಆ ಗಾಜಿಗೆ ಮೂಗು ಒತ್ತಿ ನಿಲ್ಲುತ್ತಿದ್ದೆ. ಉಸಿರಿನಿಂದ ಮಂಜಾದ ಗಾಜನ್ನು ಅವರು ಮೆಲ್ಲಗೆ ಒರೆಸುತ್ತಿದ್ದರು.

ಇಂಗ್ಲಿಷ್ ಓದಬಲ್ಲವಳಾದರೂ ಆಟದ ನಿಯಮದ ಪುಟವನ್ನು ನಾನು ಓದಲೇ ಇಲ್ಲ. ಎರಡು ದಾಳಗಳಿವೆ, ಕಾಯಿಗಳಿವೆ, ಒಂಟಿ ಸಿಕ್ಕ ಕಾಯಿಯನ್ನು ಕಡಿಯಬಹುದು, ಎಲ್ಲ ಕಾಯಿ ಸುತ್ತಿ ಬಂದು ಮನೆ ಸೇರಿ ಹಣ್ಣಾಗಬೇಕು. ಇಷ್ಟು ಕಂಡ ಮೇಲೆ ಇನ್ನೇನು ಓದುವುದು ಎನಿಸಿತು. ಇದು ನಮ್ಮ ಚೌಕಾಬಾರವೇ, ಉದ್ದಕ್ಕೆ ಎಳೆದಿದ್ದಾರೆ ಅಷ್ಟೇ. ಹಾಗೆಂದುಕೊಂಡು ಮೊದಲ ದಿನವೇ ಡಬ್ಬಿಯ ಒಂಟಿ ಕಾಯಿಯೊಂದನ್ನು ಕಡಿದೆ. ಅದು ಎದ್ದು ಹೋಗಿ ಹಲಗೆಯ ನಡುವಿನ ಪಟ್ಟಿಯಲ್ಲಿ ಕೂತಿತು. ಖುಷಿಯಾಗಿ ಮತ್ತೆ ದಾಳ ಒತ್ತಿದೆ. ಉರುಳಲಿಲ್ಲ. ಜೋರಾಗಿ ಒತ್ತಿದೆ. ಅಷ್ಟರಲ್ಲಿ ಡಬ್ಬಿ ತನ್ನ ದಾಳ ಉರುಳಿಸಿ ಮುಂದೆ ಹೋಗಿಬಿಟ್ಟಿತ್ತು. ಪ್ರತಿ ಸಲ ಹೀಗೇ ಆಯಿತು. ಕಂಪ್ಯೂಟರ್ ಮೋಸ ಮಾಡುತ್ತದೆ, ಕಡಿದವರಿಗೆ ಸಿಗಬೇಕಾದ ಇನ್ನೊಂದು ಆಟ ಕೊಡುವುದಿಲ್ಲ ಎಂದು ಮಗಳಿಗೆ ದೂರು ಹೇಳಿದೆ. ಅವಳು ನಿಯಮದ ಪುಟ ತೆರೆದು ಮೇಲಿಂದ ಕೆಳಗೆ ಸರಿಸಿದಳು. "ಮಮ್ಮಿ, ಇದರಾಗ ಎಲ್ಲೂ ಹಂಗ ಬರದಿಲ್ಲ. ಅದು ನಿಮ್ಮ ಬ್ಯಾಡಗಿ ಮನಿ ಕಾನೂನು" ಎಂದಳು.

ನಿಜ, ಅದು ಬ್ಯಾಡಗಿ ಮನೆಯ ಕಾನೂನು. ನನಗೆ ಅದನ್ನು ಕಲಿಸಿದವಳು ನನ್ನ ನೆಗೆಣ್ಣಿ, ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಗುತ್ತಲದ ಕಡೆಯ ಹೆಣ್ಣು. ನಾನು ಮದುವೆಯಾಗಿ ಆ ಮನೆಗೆ ಹೋದ ಮೊದಲ ಬೇಸಿಗೆ, ಹಿತ್ತಲ ಪಡಸಾಲೆಯಲ್ಲಿ ಮೆಣಸಿನಕಾಯಿಯ ಗುಡ್ಡೆ ಬಿದ್ದಿತ್ತು. ಅಣ್ಣತಮ್ಮಂದಿರ ಮೆಣಸಿನಕಾಯಿ ಅಂಗಡಿಗೆ ತುಂಬು, ಅಂದರೆ ತೊಟ್ಟು, ಮುರಿಯಲು ಬೇರೆ ಹೆಂಗಸರಿದ್ದರು. ಮನೆಯ ಖಾರಕ್ಕೆ, ನೆಂಟರಿಷ್ಟರಿಗೆ ಕಳಿಸುವ ಖಾರಕ್ಕೆ ನಾವಿಬ್ಬರು. ಕಾನ್ವೆಂಟಿನ ಹುಡುಗಿ, ಗೊತ್ತಿಲ್ಲದೆ ಕಣ್ಣುಜ್ಜಿಕೊಂಡೆ. ಅಳುತ್ತ ಕುಣಿದಾಡುವ ನನ್ನನ್ನು ಅಕ್ಕ ಹಿಡಿದು ಕೂರಿಸಿ, ಅಂಗೈಗೆ ಎಣ್ಣೆ ತಿಕ್ಕಿ, ಕಣ್ಣಿಗೆ ತಣ್ಣೀರು ಸೋಕಿಸಿ, ಉರಿ ಮರೆಯಲಿ ಎಂದು ಆಟಕ್ಕೆ ಕೂರಿಸಿದಳು. ಸೀಮೆಸುಣ್ಣದ ಗೆರೆ ಅಳಿಸಿ ಹೋಗುತ್ತದೆಂದು ಪಡಸಾಲೆಯ ಒಂದು ಚಪ್ಪಡಿಯ ಮೇಲೆ ಮೊಳೆಯಿಂದ ಮನೆಗಳನ್ನು ಕೊರೆದಿಟ್ಟಿದ್ದಳು. ನನ್ನ ಕಾಯಿಗಳು ಹಸಿರು ಬಳೆಯ ಚೂರು, ಅವಳವು ಮೆಣಸಿನಕಾಯಿ ತುಂಬು. ದಾಳಕ್ಕೆ ಒಂದು ಮೈ ತಿಕ್ಕಿ ಬೆಳ್ಳಗೆ ಮಾಡಿದ ಹುಣಸೆಬೀಜ. ಅವನ್ನು ಎರಡೂ ಅಂಗೈಯಲ್ಲಿ ಮುಚ್ಚಿ, ಒಂದು ಸಲ ಊದಿ, ಆಮೇಲೆ ಎಸೆಯುತ್ತಿದ್ದಳು. ನನ್ನ ಕಾಯಿ ಕಡಿದಾಗ ಏನೂ ಹೇಳುತ್ತಿರಲಿಲ್ಲ. ಬೀಜಗಳನ್ನು ಮತ್ತೆ ತಾನೇ ಬಾಚಿಕೊಳ್ಳುತ್ತಿದ್ದಳು. ಕಡಿದವಳಿಗೆ ಇನ್ನೊಂದು ಆಟ, ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯವೇ ಇರಲಿಲ್ಲ.

ನಮ್ಮಿಬ್ಬರ ಮಾತೆಲ್ಲ ಆ ಚಪ್ಪಡಿಯ ಮೇಲೇ ಆಯಿತು. ಎದುರುಬದುರು ಕೂತು ಹೇಳು ಎಂದರೆ ಹೇಳಲಾಗದ್ದು ಕಾಯಿ ನಡೆಸುವಾಗ ತಾನೇ ಬರುತ್ತಿತ್ತು. ಹೊಸರಿತ್ತಿಯ ಶಾಲೆಯಲ್ಲಿ ಕೆಲವು ತಿಂಗಳು ಇದ್ದು ನೂಲು ತೆಗೆಯಲು ಕಲಿತದ್ದು, ತನ್ನ ತಮ್ಮನನ್ನು ನೋಡಿಕೊಳ್ಳಲು ಅಲ್ಲಿಂದ ಬಿಡಿಸಿ ಕರೆತಂದದ್ದು, ಬಸ್ಸಿನಲ್ಲಿ ಆ ನೂಲಿನ ಲಡಿ ತನ್ನ ಮಡಿಲಲ್ಲೇ ಇದ್ದದ್ದು, ಇದನ್ನೆಲ್ಲ ಅಕ್ಕ ಹೇಳಿದ್ದು ಯಾವ ಕಾಯಿ ಮುಂದಿಡಲಿ ಎಂದು ಯೋಚಿಸುತ್ತ. ನಾನು ಬಸುರಿ ಎಂಬುದನ್ನು ನನ್ನ ಗಂಡನಿಗಿಂತ ಮೊದಲು ಹೇಳಿದ್ದು ಅವಳಿಗೆ, ನನ್ನ ಬಳೆಚೂರೊಂದನ್ನು ಅವಳು ಕಡಿಯುವ ಹೊತ್ತಿಗೆ. ಅವಳು ನನ್ನ ಮುಖ ನೋಡಿ, ಆ ಚೂರನ್ನು ಅದರ ಮನೆಯಲ್ಲೇ ತಿರುಗಿ ಇಟ್ಟಳು. ಅದೊಂದೇ ಸಲ ಆಕೆ ಕಡಿಯದೆ ಬಿಟ್ಟದ್ದು.

ಆಮೇಲೆ ಅಂಗಡಿಯ ಹಲಗೆಗೆ ಹೊಸ ಬಣ್ಣ ಬಂತು. ಮಾವನವರ ಹೆಸರಿನ ಕೆಳಗೆ ಅಣ್ಣನ ಹೆಸರಷ್ಟೇ ಇತ್ತು. ತಮ್ಮನ ಹೆಸರಿಗೆ ಜಾಗ ಸಾಲಲಿಲ್ಲವೆಂದು ಪೇಂಟರ್ ಅಂದನಂತೆ. ಯಾರು ಹಾಗೆ ಬರೆಸಿದರು, ಯಾರು ನೋಡಿಯೂ ಸುಮ್ಮನಿದ್ದರು ಎಂದು ಅಣ್ಣತಮ್ಮಂದಿರ ನಡುವೆ ಮಾತು ಬೆಳೆದು, ಕೊನೆಗೆ ಮಾತೇ ನಿಂತುಹೋಯಿತು. ನಾವು ಹಾವೇರಿಗೆ ಬಂದೆವು. ನನ್ನ ಗಂಡ ಇಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇಟ್ಟರು. ಬ್ಯಾಡಗಿ ಏನು ದೂರದ ಊರಲ್ಲ, ಬೆಳಿಗ್ಗೆ ಹೋಗಿ ರೊಟ್ಟಿ ಉಂಡು ಸಂಜೆಗೆ ಬರಬಹುದು. ಆದರೆ ಗಂಡಂದಿರು ಮಾತು ಬಿಟ್ಟ ಮನೆಗೆ ಹೆಂಗಸರು ಸುಮ್ಮನೆ ಹೋಗಲು ಬರುವುದಿಲ್ಲ. ಹೋಗಬೇಡ ಎಂದು ಯಾರೂ ಅಂದಿರಲಿಲ್ಲ, ಹೋಗು ಎಂದೂ ಅಂದಿರಲಿಲ್ಲ. ಆಗೀಗ ಫೋನ್ ಮಾಡುತ್ತಿದ್ದೆವು. ಊಟವಾಯಿತೇ, ಹುಡುಗಿ ಹೇಗಿದ್ದಾಳೆ, ಮೊಣಕಾಲು ಹೇಗಿದೆ. ಅಷ್ಟಾದ ಮೇಲೆ ಇಬ್ಬರೂ ಫೋನ್ ಹಿಡಿದು ಸುಮ್ಮನಾಗುತ್ತಿದ್ದೆವು. ಕೈಗೆ ಕಾಯಿಯಿಲ್ಲದೆ ನಮಗೆ ಮಾತು ಬರುತ್ತಿರಲಿಲ್ಲ.

ಹೀಗಾಗಿ ಆ ನೀಲಿ ಡಬ್ಬಿಯ ಜೊತೆ ಆಡಿದೆ. ಕೆಟ್ಟ ಎದುರಾಳಿಯಲ್ಲ ಅದು. ನಾನು ಎಷ್ಟು ಹೊತ್ತು ಯೋಚಿಸಿದರೂ ಕಾಯುತ್ತದೆ. ನಡುವೆ ಹಾಲಿನವನು ಬಂದರೆ, ಕುಕ್ಕರ್ ಕೂಗಿದರೆ, ಎದ್ದು ಹೋಗಿ ಬಂದರೂ ಎಲ್ಲಿದ್ದೆವೋ ಅಲ್ಲೇ ಇರುತ್ತೇವೆ. ಆದರೆ ತನ್ನ ಸರದಿಯಲ್ಲಿ ಅದು ಯೋಚಿಸುವುದೇ ಇಲ್ಲ. ದಾಳ ಉರುಳಿದ್ದೇ ತಡ, ಕಾಯಿ ಸರಿದಿರುತ್ತದೆ. ಆ ನಡುವೆ ಒಂದು ಮಾತು ಹುಟ್ಟುವಷ್ಟೂ ಜಾಗವಿಲ್ಲ. ನಾನು ತಡಮಾಡಿದರೂ ಹಂಗಿಸುವುದಿಲ್ಲ. ಎಷ್ಟೋ ಸಲ ಅದರ ಪರವಾಗಿ ನಾನೇ ಅಕ್ಕನ ದನಿಯಲ್ಲಿ ಹಂಗಿಸಿಕೊಳ್ಳುತ್ತಿದ್ದೆ: ಏನವಾ ಇಂಗ್ಲಿಷ್, ಮೊಟ್ಟಿ ಮ್ಯಾಲ ಕುಂತಿ ಏನ, ಲಗೂ ಆಡು. ಎದುರು ಮನೆಯ ಹೊಲಿಗೆಯಂತ್ರ ನಿಂತಾಗ ನನ್ನ ಮಾತು ನನಗೇ ಕೇಳಿ ನಾಚಿಕೆಯಾಗುತ್ತಿತ್ತು.

ರಾಣೆಬೆನ್ನೂರಿನಲ್ಲಿ ಒಂದು ಮದುವೆ ಬಂತು. ಎರಡೂ ಮನೆಗೆ ಬೇಕಾದವರು, ತಪ್ಪಿಸುವಂತಿರಲಿಲ್ಲ. ಅಣ್ಣ ಒಂದು ತುದಿಯ ಕುರ್ಚಿಯಲ್ಲಿ, ತಮ್ಮ ಇನ್ನೊಂದು ತುದಿಯಲ್ಲಿ. ಫೋಟೋಕ್ಕೆ ಕರೆದಾಗ ಒಬ್ಬರು ಈ ಮೆಟ್ಟಿಲಿಂದ, ಒಬ್ಬರು ಆ ಮೆಟ್ಟಿಲಿಂದ ವೇದಿಕೆ ಹತ್ತಿದರು. ಅಕ್ಷತೆಯ ಹೊತ್ತಿಗೆ ಎಲ್ಲರೂ ಕೆಳಗಿಳಿಯುವಾಗ, ಹೆಣ್ಣಿನ ಕಡೆಯವರ ಸೀರೆ ಒಡವೆ ಇಟ್ಟ ಮೇಲಿನ ಕೋಣೆಗೆ ಕಾವಲು ಬೇಕಾಯಿತು. ಹುಡುಗಿಯ ತಾಯಿ ನಂಬಿಕೆಯವರು ಎಂದು ಹುಡುಕಿ ಅಕ್ಕನ ಸೆರಗಿಗೆ ಕೀಲಿ ಕಟ್ಟಿದಳು. ಜೊತೆಗೊಬ್ಬರಿರಲಿ ಎಂದು ನನ್ನನ್ನೂ ಅಲ್ಲೇ ಬಿಟ್ಟಳು.

ಬಾಗಿಲು ಮುಚ್ಚಿತು. ಸೂಟ್‌ಕೇಸುಗಳ ನಡುವೆ, ಮಲ್ಲಿಗೆ ಮತ್ತು ನುಸಿಗುಳಿಗೆಯ ವಾಸನೆಯಲ್ಲಿ ನಾವಿಬ್ಬರು. ಅಕ್ಕನ ಕೂದಲು ಕಿವಿಯ ಬಳಿ ಬೆಳ್ಳಗಾಗಿತ್ತು. ಊಟವಾಯಿತೇ ಎಂದಳು, ಇನ್ನೂ ಇಲ್ಲ ಎಂದೆ. ಮೊಣಕಾಲು ಹೇಗಿದೆ ಎಂದೆ, ಹಾಗೇ ಇದೆ ಎಂದಳು. ಕೆಳಗೆ ವಾದ್ಯ ಜೋರಾಯಿತು. ನನಗೆ ಏನು ಹೊಳೆಯಿತೋ, ಪರ್ಸಿನಿಂದ ಫೋನ್ ತೆಗೆದೆ. ಆಟ ತೆರೆದರೆ ಮೊದಲು ಎರಡು ಗುಂಡಿ ಬರುತ್ತವೆ, ಒಂದು ಕಂಪ್ಯೂಟರ್ ಎದುರು ಆಡಲು, ಇನ್ನೊಂದು ಇಬ್ಬರು ಆಡಲು. ಎರಡನೆಯದನ್ನು ನಾನು ಅಲ್ಲಿಯವರೆಗೆ ಒತ್ತಿಯೇ ಇರಲಿಲ್ಲ.

ಅಕ್ಕ ಹತ್ತಿರ ಸರಿದು ನೋಡಿದಳು. ಇವು ಕಾಯಿ, ಹೀಗೆ ಸುತ್ತಬೇಕು, ಒಂಟಿ ಇದ್ದರೆ ಕಡಿಯಬಹುದು, ಜೋಡಿ ಇದ್ದರೆ ಮುಟ್ಟುವಂತಿಲ್ಲ ಎಂದು ಹೇಳಿದೆ. ಅವಳು ಬೇಗ ಹಿಡಿದಳು. ಆದರೆ ಪರದೆ ಅವಳ ಬೆರಳಿನ ಮಾತು ಕೇಳಲಿಲ್ಲ. ವರ್ಷವರ್ಷ ತುಂಬು ಮುರಿದು ತುದಿ ಒಣಗಿ ಗಟ್ಟಿಯಾದ ಬೆರಳದು. ಒತ್ತಿದಳು, ಉಜ್ಜಿ ಒತ್ತಿದಳು, ಏನೂ ಆಗಲಿಲ್ಲ. ಕೊನೆಗೆ ಅವಳು ಬರಿಗೈಯನ್ನೇ ಮುಚ್ಚಿ ಊದಿ ಎಸೆದಂತೆ ಮಾಡುವುದು, ನಾನು ದಾಳ ಒತ್ತುವುದು, ಅವಳು ತೋರಿಸಿದ ಕಾಯಿಯನ್ನು ನಾನು ಸರಿಸುವುದು, ಹೀಗೆ ಆಡಿದೆವು. ಆಡುತ್ತಿದ್ದಂತೆ ಮಾತು ಬಂತು. ಅವಳ ಮಗನ ಸಿಟ್ಟು, ಗುತ್ತಲದ ತನ್ನ ತಮ್ಮನ ಮನೆಗೆ ಹೋಗದೆ ಎಷ್ಟು ದಿನವಾಯಿತು ಎಂಬುದು, ಎಲ್ಲ. ಕಾಯಿಯೊಂದರ ಮೇಲೆ ಬೆರಳಿಟ್ಟುಕೊಂಡು, ನನ್ನತ್ತ ನೋಡದೆ ಹೇಳಿದಳು:

"ಹಿತ್ತಲ ಪಡಸಾಲಿಗೆ ಟೈಲ್ಸ್ ಹಾಕಸ್ಯಾರ. ಗೌಂಡಿ ಆ ಚಪ್ಪಡಿ ಒಡ್ಯಾಕ ಹೋಗಿದ್ದ. ನಾ ಬಿಡಲಿಲ್ಲ. ಬಾವಿ ಕಟ್ಟಿ ಮಗ್ಗಲ ಹಾಕಸೇನಿ."

"ಅರಿವಿ ಒಗ್ಯಾಕೇನ್ರಿ ಅಕ್ಕಾ?"

"ಅದರ ಮ್ಯಾಲ ಯಾರರ ಅರಿವಿ ಒಗೀತಾರೇನ? ಸುಮ್ಮನ ಐತಿ. ನೀ ಬಂದ್ರ ಕುಂದರಾಕ."

ನಾನು ಅವಳ ಪರವಾಗಿ ದಾಳ ಒತ್ತಿದೆ. ಅವಳಿಗೆ ಬೇಕಾದ ಅಂಕಿಯೇ ಬಿತ್ತು. ನನ್ನ ಒಂಟಿ ಕಾಯಿಯೊಂದನ್ನು ತೋರಿಸಿ, ಕಡಿ ಎಂದಳು. ನನ್ನ ಕೈಯಿಂದಲೇ ನನ್ನ ಕಾಯಿ ಕಡಿಸಿದಳು. ಉಳಿದ ದಾಳಕ್ಕೂ ಒಂದು ಕಾಯಿ ನಡೆಸಿ, ತಕ್ಷಣ ಮತ್ತೆ ಅಂಗೈ ಮುಚ್ಚಿ ಊದಿದಳು.

ಈ ಆಟದಲ್ಲಿ ಹಾಗಿಲ್ಲ, ಈಗ ನನ್ನ ಸರದಿ ಎಂದು ಫೋನ್ ತೋರಿಸಿದೆ. ಅವಳು ಫೋನನ್ನು ನೋಡಿದಳು, ನನ್ನನ್ನು ನೋಡಿದಳು.

"ಎಂಥಾ ಆಟ ಇದು? ಕಡದಾಕಿಗೆ ಒಂದ ಆಟ ಕೊಡೂದಿಲ್ಲಂದ್ರ ಯಾಕ ಕಡೀಬೇಕು?"

ನನಗೆ ನಗು ಬಂದು ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಬಾಗಿಲು ತಟ್ಟಿದರು. ಅಕ್ಷತೆ ಮುಗಿದಿತ್ತು, ಬ್ಯಾಡಗಿಯ ಗಾಡಿ ಹೊರಡುವುದರಲ್ಲಿತ್ತು, ಬಾವನವರು ಕೆಳಗೆ ಕಾಯುತ್ತಿದ್ದರು. ಅಕ್ಕ ಮೊಣಕಾಲು ಹಿಡಿದುಕೊಂಡು ಎದ್ದಳು, ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ನನ್ನ ಕೈಗೆ ಹಾಕಿದಳು.

"ನಂದೊಂದ ಆಟ ಐತಿ. ಮುಟ್ಟಬ್ಯಾಡ" ಎಂದು ಹೇಳಿ ಹೋದಳು.

ನಾನು ಮುಟ್ಟಲಿಲ್ಲ. ಆ ಫೋನಿನಲ್ಲಿ ಒಂದು ಸಲಕ್ಕೆ ಒಂದೇ ಆಟ ಉಳಿಯುತ್ತದೆ. ಡಬ್ಬಿಯ ಜೊತೆ ಹೊಸದು ಶುರು ಮಾಡಿದರೆ ಇದು ಅಳಿಸಿ ಹೋಗುತ್ತದೆ. ಹೀಗಾಗಿ ಮಧ್ಯಾಹ್ನ ಅದನ್ನು ಬರಿದೆ ತೆರೆದು ನೋಡುತ್ತೇನೆ, ಅವಳ ಕಾಯಿಗಳು ಎಲ್ಲೆಲ್ಲಿವೆ, ನನ್ನ ಕಡಿದ ಕಾಯಿ ನಡುವಿನ ಪಟ್ಟಿಯಲ್ಲಿ ಹೇಗೆ ಕೂತಿದೆ ಎಂದು. ನಿಮ್ಮ ಸರದಿ ಎಂದು ಫೋನ್ ಮಿನುಗಿಸುತ್ತಲೇ ಇರುತ್ತದೆ.

ಒಂದು ಸಂಜೆ ಚಹಾ ಕುಡಿಯುತ್ತ ನನ್ನ ಗಂಡ ಯಾವುದೋ ನಂಬರು ಹುಡುಕಲು ನನ್ನ ಫೋನ್ ತೆಗೆದುಕೊಂಡರು.

"ನಿನ್ನ ಆಟ ಅಂತ ತೋರಸಾಕತ್ತೈತಿ. ಆಡಂಗಿಲ್ಲೇನ?"

"ಅದು ನಂದಲ್ರಿ. ನಿಮ್ಮ ವೈನಿಯವರದು. ಕಡದಾರ."

ವೈನಿ, ಅಂದರೆ ಅತ್ತಿಗೆ, ಎಂಬ ಮಾತು ನಮ್ಮ ಮನೆಯಲ್ಲಿ ಕೇಳಿ ಬಹಳ ಕಾಲವಾಗಿತ್ತು. ಅವರು ಚಹಾದ ಬಸಿಯನ್ನು ಕೆಳಗಿಟ್ಟರು. ಕನ್ನಡಕ ಹಣೆಗೇರಿಸಿ ಪರದೆಯನ್ನು ಹತ್ತಿರ ಹಿಡಿದು ನೋಡಿದರು. ಆ ಚಪ್ಪಡಿಯ ಮೇಲೆ ಅವರೂ ಸೋತವರೇ, ಅವರಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ.

"ಹಂಗಾದ್ರ ಅವರದ ಆಟ" ಎಂದರು. ಕನ್ನಡಕ ಕೆಳಗಿಳಿಸಿ, "ಯಾವಾಗ ಆಡ್ತಾರಂತ?" ಎಂದರು.

ಫೋನ್ ತೆಗೆದುಕೊಂಡು ನಾನೇ ಹೋಗಬೇಕು ಎಂದೆ. ಅವರು ನಂಬರು ಹುಡುಕುವುದನ್ನು ಮರೆತು ಬಸಿ ಹಿಡಿದು ಎದ್ದುಹೋದರು.

ಆಮೇಲೊಂದು ದಿನ ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ಹೊರಗೆ ಮಗಳು ನನ್ನ ಫೋನ್ ತೆಗೆದುಕೊಂಡಿದ್ದಳೆಂದು ಕಾಣುತ್ತದೆ. ನನ್ನ ಗಂಡನ ದನಿ ಕೇಳಿಸಿತು: "ಹೊಸಾ ಆಟ ಒತ್ತಬ್ಯಾಡ. ಅದು ನಿಮ್ಮ ದೊಡ್ಡವ್ವಂದು ಐತಿ."

ಹಿಟ್ಟಿನ ಕೈಯಲ್ಲೇ ನಿಂತು ಕೇಳಿದೆ. ಮತ್ತೇನಾದರೂ ಅಂದಾರೇನೋ ಎಂದು ಕಾದೆ. ಹೊರಗೆ ಬಂದು ನೋಡಿದರೆ ಫೋನ್ ಚಾರ್ಜಿಗಿತ್ತು, ವೈರು ಯಾರ ಕಾಲಿಗೂ ತೊಡರದಂತೆ ಗೋಡೆಗುಂಟ ಸರಿಸಿಟ್ಟಿದ್ದರು. ಬ್ಯಾಡಗಿಯಲ್ಲಿ ಈಗ ಹೊಸ ಮೆಣಸಿನಕಾಯಿ ಬರುತ್ತಿರಬೇಕು. ಈ ವರ್ಷದ ಖಾರಕ್ಕೆ ತುಂಬು ಮುರಿಯಲು ಅಕ್ಕನ ಜೊತೆ ಯಾರು ಕೂರುತ್ತಾರೋ, ಕೇಳಬೇಕು.