ಮೂರು ಶಿಖರಗಳ ಸುತ್ತ, ಅತ್ತೆಯ ಹಿಂದೆ

ಅತ್ತೆ ದುಬೈಗೆ ಬಂದ ಮೊದಲ ಬೇಸಿಗೆಯಲ್ಲಿ ಅವರ ವಾಕಿಂಗ್ ಎಲ್ಲ ನಡೆದದ್ದು ನಮ್ಮ ಕಟ್ಟಡದ ಐದನೇ ಮಹಡಿಯ ಕಾರಿಡಾರಿನಲ್ಲಿ. ನಾವಿದ್ದ ಅಲ್ ಕುಸೈಸ್‌ನಲ್ಲಿ ಆ ತಿಂಗಳುಗಳಲ್ಲಿ ಬೆಳಗಾಗುವ ಮೊದಲೇ ಸೆಕೆ ಬಾಗಿಲಲ್ಲಿ ನಿಂತಿರುತ್ತದೆ. ಹೊರಗೆ ಕಾಲಿಟ್ಟರೆ ಕನ್ನಡಕ ಮಂಜಾಗುತ್ತಿತ್ತು. ಹಾಗಾಗಿ ಅತ್ತೆ ಲಿಫ್ಟಿನಿಂದ ಕೊನೆಯ ಫ್ಲಾಟಿನವರೆಗೆ, ಅಲ್ಲಿಂದ ಮತ್ತೆ ಲಿಫ್ಟಿನವರೆಗೆ ನಡೆಯುತ್ತಿದ್ದರು. ಊರಲ್ಲಿ, ಉಡುಪಿಯ ಕಡೆಯ ಕಡಲತೀರದಲ್ಲಿ, ಪೇಟೆಗೆ ಹೋಗಲು ಬಸ್ಸಿಗೆ ಕಾಯದೆ ನಡೆದೇ ಬಿಡುತ್ತಿದ್ದ ಹೆಂಗಸು. ಪಕ್ಕದ ಫ್ಲಾಟಿನ ಮಲಯಾಳಿ ಅಜ್ಜ ಬಾಗಿಲು ತೆರೆದಾಗೆಲ್ಲ ಎದುರು ಸಿಕ್ಕಿ, ಕಡೆಗೆ ಅವರೂ ಜೊತೆಗೆ ನಡೆಯತೊಡಗಿದ್ದರು.

ನಾನು ಇಟಲಿಯ ಕಲ್ಲು ತರಿಸಿ ಮಾರುವ ಒಂದು ಶೋರೂಮಿನಲ್ಲಿ ಬಿಲ್ಲಿಂಗ್ ನೋಡಿಕೊಳ್ಳುತ್ತಿದ್ದೆ. ನಮ್ಮ ಮ್ಯಾನೇಜರ್ ಇಟಲಿಯವರೇ. ಡೊಲೊಮೈಟ್ಸ್ ಎಂಬ ಬೆಟ್ಟಸಾಲಿನ ಹಳ್ಳಿಯವರು, ಮದುವೆಯಾಗದವರು, ಊಟದ ವಿಷಯದಲ್ಲಿ ಯಾವ ಹಟವೂ ಇಲ್ಲದವರು. ಒಂದು ಶುಕ್ರವಾರ ಮನೆಗೆ ಊಟಕ್ಕೆ ಕರೆದೆವು. ಅತ್ತೆ ನೀರ್ದೋಸೆ, ಕೋಳಿ ಸುಕ್ಕ ಮಾಡಿದ್ದರು. ಉಂಡ ಮೇಲೆ ಮ್ಯಾನೇಜರ್ ಫೋನಿನಲ್ಲಿ ತಮ್ಮ ಊರಿನ ಚಿತ್ರಗಳನ್ನು ತೋರಿಸಿದರು. ಒಂದರಲ್ಲಿ ಮೂರು ಬರಿಯ ಬಂಡೆಗಳು ಅಕ್ಕಪಕ್ಕ ಆಕಾಶಕ್ಕೆ ನಿಂತಿದ್ದವು.

"ಇದನ್ನು ಯಾರು ಕಟ್ಟಿಸಿದ್ದು?" ಅತ್ತೆ ಕೇಳಿದರು.

"ಯಾರೂ ಕಟ್ಟಿಸಿದ್ದಲ್ಲ ಅತ್ತೆ. ಬೆಟ್ಟವೇ ಹಾಗೆ ಉಂಟು. ತ್ರೆ ಚಿಮೆ ಅಂತ ಹೆಸರಂತೆ, ಮೂರು ಶಿಖರ ಅಂತ ಅರ್ಥ."

"ಹತ್ತಿರ ಹೋಗ್ಲಿಕ್ಕೆ ಆಗ್ತದಾ ಕೇಳು."

ಕೇಳಿದೆ. ಸುತ್ತಲೂ ಕಾಲುದಾರಿ ಇದೆ, ಒಂದು ದಿನದಲ್ಲಿ ಸುತ್ತಿ ಬರಬಹುದು, ತನ್ನ ತಾಯಿ ಎಪ್ಪತ್ತು ದಾಟುವವರೆಗೂ ಹೋಗುತ್ತಿದ್ದರು ಎಂದರು ಅವರು. ಆಗಸ್ಟಿನಲ್ಲಿ ರಜೆಗೆ ಊರಿಗೆ ಹೋಗುತ್ತೇನೆ, ನೀವೆಲ್ಲ ಬನ್ನಿ, ಮನೆ ದೊಡ್ಡದಿದೆ ಎಂದೂ ಸೇರಿಸಿದರು. ಉಪಚಾರಕ್ಕೆ ಆಡಿದ ಮಾತೆಂದು ನಾನು ನಕ್ಕೆ. ಅತ್ತೆ ನಗಲಿಲ್ಲ.

"ಎಪ್ಪತ್ತರವರೆಗಾ? ಹಾಗಾದ್ರೆ ನನಗೆ ಇನ್ನೂ ಸಮಯ ಉಂಟು" ಎಂದರು.

ಆ ಚಳಿಗಾಲದ ಶುಕ್ರವಾರಗಳು ಹೀಗೆ ಅತ್ತೆಯ ಬೆಟ್ಟದ ತಯಾರಿಗೆ ಹೋದವು. ನನ್ನ ಗಂಡ ಅಬುಧಾಬಿಯ ಮುಸಫ್ಫಾದಲ್ಲಿ ಒಂದು ಫ್ಯಾಬ್ರಿಕೇಶನ್ ಕಂಪನಿಯ ಎಂಜಿನಿಯರ್. ವಾರವಿಡೀ ಅಲ್ಲೇ ಇದ್ದು ಗುರುವಾರ ಸಂಜೆ ಮನೆಗೆ ಬರುವರು. ಮರುದಿನ ಬೆಳಿಗ್ಗೆ ಬೇಗ ಎದ್ದು ಅವರು ನಮ್ಮನ್ನೆಲ್ಲ ಹತ್ತಾ ಎಂಬ ಊರಿನ ಗುಡ್ಡಗಳಿಗೆ ಕರೆದೊಯ್ಯುತ್ತಿದ್ದರು. ಚೂಡಿದಾರ್ ಮೇಲೆ ಬಿಳಿ ಸ್ಪೋರ್ಟ್ಸ್ ಶೂ ಹಾಕಿಕೊಂಡು ಅತ್ತೆ ಮೊದಲ ದಿನ ಕನ್ನಡಿಯ ಮುಂದೆ ನಾಚಿದರು. ಆಮೇಲೆ ಶೂ ಬಿಚ್ಚಲು ಒಪ್ಪಲಿಲ್ಲ. ಕಂದು ಬಣ್ಣದ ಆ ಗುಡ್ಡಗಳನ್ನು ನೋಡಿ, "ಪಾಪ, ಒಂದು ಮರವೂ ಇಲ್ಲ ಇದಕ್ಕೆ" ಎಂದು ಯಾರದೋ ಮನೆಯ ಕಷ್ಟ ಕಂಡವರಂತೆ ಮರುಗಿದರು. ಹತ್ತು ವರ್ಷದ ನನ್ನ ಮಗಳು ಪ್ರತಿ ತಿರುವಿನಲ್ಲೂ "ಅಜ್ಜಿ, ಐ ಆಮ್ ಟಯರ್ಡ್" ಎನ್ನುವಳು. ಅಜ್ಜಿ ತಿರುಗಿ ನೋಡದೆ ಮುಂದೆ ಹೋಗುವರು.

ಮುಂದಿನ ಆಗಸ್ಟಿಗೆ ಇಟಲಿಯ ವೀಸಾ ಬಂತು. ಟಿಕೆಟ್ ಆಯಿತು. ಹೊರಡುವ ವಾರ ಗಂಡನ ಕಂಪನಿಯಲ್ಲಿ ತುರ್ತಿನ ಕೆಲಸ ಬಂದು ರಜೆ ರದ್ದಾಯಿತು. ನನಗೆ ಹೆದರಿಕೆ ಹತ್ತಿತು. ಗೊತ್ತಿಲ್ಲದ ದೇಶ, ಮಗು, ವಯಸ್ಸಾದವರು. ಹೋಗುವುದು ಬೇಡ ಎಂದೆ.

ಅತ್ತೆ ಬಟ್ಟೆ ಮಡಚುತ್ತಾ, "ಅವನಿಲ್ಲದಿದ್ರೆ ಎಂತಾಯ್ತು ಮಾರಾಯ್ತಿ? ನಾವೆಂತ ಅವನ ಹೆಗಲ ಮೇಲೆ ಕೂತು ಬೆಟ್ಟ ಹತ್ತುದಾ?" ಎಂದರು.

ಗಂಡನೂ ನಕ್ಕುಬಿಟ್ಟರು. ನಾವು ಮೂವರು ಹೊರಟೆವು.

ವೆನಿಸ್ ವಿಮಾನ ನಿಲ್ದಾಣಕ್ಕೆ ಮ್ಯಾನೇಜರ್ ಕಾರು ತಂದಿದ್ದರು. ರಸ್ತೆ ಏರುತ್ತಾ ಹೋದಂತೆ ಪೈನ್ ಮರಗಳು ಒತ್ತಾದವು. ಅತ್ತೆ ಕಿಟಕಿಯ ಗಾಜು ಇಳಿಸಿ, ತಣ್ಣಗಿನ ಗಾಳಿಗೆ ಮುಖ ಕೊಟ್ಟು, "ಆಗಸ್ಟಿನಲ್ಲಿ ಎಸಿ ಹಾಕದೆ ಇಷ್ಟು ತಂಪು!" ಎಂದು ಮತ್ತೆ ಮತ್ತೆ ಹೇಳಿದರು. ಮನೆ ಕಲ್ಲು ಮತ್ತು ಮರದ್ದು, ಕಿಟಕಿಗಳ ಕೆಳಗೆ ಕೆಂಪು ಹೂವಿನ ಕುಂಡಗಳು. ಮ್ಯಾನೇಜರ ತಾಯಿ ಬಾಗಿಲಲ್ಲೇ ನಿಂತಿದ್ದರು. ಅವರಿಗೆ ಇಟಾಲಿಯನ್ ಬಿಟ್ಟು ಬೇರೆ ಬಾರದು, ಅತ್ತೆಗೆ ತುಳು, ಕನ್ನಡ ಬಿಟ್ಟು ಬೇರೆ ಬಾರದು. ಸಂಜೆಯೊಳಗೆ ಇಬ್ಬರೂ ಹಿತ್ತಲಲ್ಲಿ ಕೂತು ಬೀನ್ಸ್ ಸುಲಿಯುತ್ತಿದ್ದರು.

ಮೊದಲ ಎರಡು ದಿನ ಕೆರೆ, ಜಲಪಾತ, ಸಣ್ಣ ಕಾಡುದಾರಿಗಳು. ಕೆರೆಯಲ್ಲಿ ಬೆಟ್ಟ ತಲೆಕೆಳಗಾಗಿ ಕಾಣುವುದನ್ನು ಅತ್ತೆ ಬಗ್ಗಿ ನೋಡಿ, ನೀರಿಗೆ ಕೈ ಹಾಕಿ, ಕಿರುಚಿ ತೆಗೆದರು. ಮೂರನೆಯ ದಿನ ಶಿಖರಗಳ ಸರದಿ. ಮ್ಯಾನೇಜರಿಗೆ ಏನೋ ಕೆಲಸವಿತ್ತು. ದಾರಿ ಸರಳ, ಬಂಡೆಗಳ ಮೇಲೆ ಕೆಂಪು ಬಿಳಿ ಬಣ್ಣದ ಗುರುತು ನೋಡಿಕೊಂಡು ಹೋದರಾಯಿತು ಎಂದು ಹೇಳಿ ನಮ್ಮನ್ನು ಬಸ್ಸು ಹತ್ತಿಸಿದರು.

ನನ್ನ ಲೆಕ್ಕ ಬೇರೆಯೇ ಇತ್ತು. ಬಸ್ಸು ಇಳಿದ ಮೇಲೆ ಮೊದಲ ಭಾಗ ಅಗಲವಾದ, ಸಪಾಟಾದ ದಾರಿ. ಅದರ ಕೊನೆಯಲ್ಲಿ ಬೆಟ್ಟ ಹತ್ತುವವರು ತಂಗುವ ಒಂದು ಮನೆ. ಅತ್ತೆಯನ್ನು ಅಲ್ಲಿ ಕೂರಿಸುವುದು, ನಾನು ಮಗಳು ಮೇಲಿನ ಕಣಿವೆಯ ಬಾಯಿಯವರೆಗೆ ಹತ್ತಿ, ಇಣುಕಿ, ಇಳಿದು ಬರುವುದು. ಅತ್ತೆಗೂ ಹೇಳಿದ್ದೆ. ಅವರು ಹೂಂ ಎಂದೂ ಅಂದಿರಲಿಲ್ಲ, ಇಲ್ಲ ಎಂದೂ ಅಂದಿರಲಿಲ್ಲ.

ಆ ಮನೆಯ ಹೊರಗೆ ಬಿಸಿಲಿಗೆ ಹಾಕಿದ್ದ ಬೆಂಚಿನಲ್ಲಿ ಅತ್ತೆಯನ್ನು ಕೂರಿಸಿ, ಮಗಳನ್ನು ಶೌಚಾಲಯಕ್ಕೆ ಕರೆದೊಯ್ದೆ. ಉದ್ದದ ಸಾಲು. ಮರಳಿ ಬಂದಾಗ ಬೆಂಚು ಖಾಲಿ.

ಮೊದಲು ಒಳಗೆ ನೋಡಿದೆ. ಆಮೇಲೆ ಮನೆಯ ಹಿಂದೆ. ದಾರಿಯ ಒಂದು ಬದಿ ಕೆಳಗೆ ಆಳವಾಗಿ ಇಳಿಯುತ್ತಿತ್ತು, ಅಲ್ಲಿ ನೋಡಲು ಧೈರ್ಯ ಬರಲಿಲ್ಲ. ಯಾರನ್ನು ಏನೆಂದು ಕೇಳುವುದು? ಮಗಳ ಕೈಯನ್ನು ಎಷ್ಟು ಬಿಗಿ ಹಿಡಿದಿದ್ದೆನೆಂದರೆ ಅವಳು "ಅಮ್ಮಾ, ಯು ಆರ್ ಹರ್ಟಿಂಗ್ ಮಿ" ಎಂದು ಕೈ ಕಿತ್ತುಕೊಂಡಳು. ಮರುಕ್ಷಣ ಅವಳೇ ಕೂಗಿದಳು, "ಲುಕ್! ಅಜ್ಜಿ!"

ಮೇಲೆ ಏರುದಾರಿಯ ಜಲ್ಲಿಕಲ್ಲುಗಳ ನಡುವೆ, ಬೂದು ಬೆಟ್ಟಕ್ಕೆ ಅಂಟಿಸಿದ ಹಾಗೆ, ಅತ್ತೆಯ ಅರಿಸಿನ ಬಣ್ಣದ ಚೂಡಿದಾರ್. ಹಿಂದೆ ಮುಂದೆ ಬಿಳಿಗೂದಲಿನ ಏಳೆಂಟು ಹೆಂಗಸರು. ಎಲ್ಲರ ಕೈಯಲ್ಲೂ ನಡೆಯುವ ಕೋಲು, ಅತ್ತೆಯ ಕೈಯಲ್ಲೂ ಒಂದು.

ನಾವು ಓಡಿದೆವು ಎಂದರೆ ಸುಳ್ಳಾದೀತು. ಆ ಎತ್ತರದಲ್ಲಿ ಉಸಿರು ಸಾಲದು. ನಾಲ್ಕು ಹೆಜ್ಜೆ ಹಾಕಿ ನಿಲ್ಲುವುದು, "ಅತ್ತೇ" ಎಂದು ಕೂಗುವುದು, ಗಾಳಿ ಕೂಗನ್ನು ಎತ್ತಿಕೊಂಡು ಹೋಗುವುದು. ಮೇಲಿನಿಂದ ಮಾತ್ರ ಅತ್ತೆಯ ಸ್ವರ ಸ್ಪಷ್ಟವಾಗಿ ಕೇಳುತ್ತಿತ್ತು. "ಯಲ್ಲಾ! ಯಲ್ಲಾ!" ಎಂದು ಅವರು ಹಿಂದುಳಿದ ಇಟಾಲಿಯನ್ ಹೆಂಗಸೊಬ್ಬರನ್ನು ಹುರಿದುಂಬಿಸುತ್ತಿದ್ದರು. ಮಗಳ ಶಾಲೆಯ ಬಸ್ಸಿನ ಡ್ರೈವರನಿಂದ ಕಲಿತ ಅರಬ್ಬಿ ಮಾತು, ಬೇಗ ನಡೆಯಿರಿ ಅಂತ ಅರ್ಥ.

ಕಣಿವೆಯ ಬಾಯಿಗೆ ನಾನು ತಲುಪಿದಾಗ ಬೈಯಬೇಕೆಂದೇ ಇದ್ದೆ. ಅಷ್ಟರಲ್ಲಿ ತಲೆಯೆತ್ತಿ ನೋಡಿದೆ. ಇಷ್ಟು ಹೊತ್ತು ಬೆನ್ನು ತೋರಿಸಿದ್ದ ಮೂರು ಶಿಖರಗಳು ಇಲ್ಲಿ ಎದುರಾಗಿದ್ದವು. ಕೆಳಗಿನಿಂದ ತುದಿಯವರೆಗೆ ಒಂದೇ ಗೋಡೆ. ಹಳದಿ, ಬೂದು, ಅಲ್ಲಲ್ಲಿ ನೀರು ಜಿನುಗಿ ಕಪ್ಪಾದ ಗೆರೆ. ಶೋರೂಮಿನಲ್ಲಿ ವರ್ಷಗಟ್ಟಲೆ ಕಲ್ಲಿನ ತುಂಡುಗಳಿಗೆ ಬಿಲ್ ಮಾಡಿದವಳಿಗೆ ಕಲ್ಲು ಇಷ್ಟು ದೊಡ್ಡದಿರುತ್ತದೆಂದು ಗೊತ್ತಿರಲಿಲ್ಲ.

ಅತ್ತೆ ಬಂಡೆಯ ಮೇಲೆ ಕೂತು ಆ ಹೆಂಗಸರಿಗೆ ನೆಲಗಡಲೆ ಚಿಕ್ಕಿ ಹಂಚುತ್ತಿದ್ದರು. ನನ್ನನ್ನು ಕಂಡು, "ಬಂದೆಯಾ? ಎಂತ ಇಷ್ಟು ಹೊತ್ತು?" ಎಂದರು.

"ಅತ್ತೆ, ನೀವು ಹೇಳದೆ ಕೇಳದೆ..."

"ಹೇಳ್ಲಿಕ್ಕೆ ನೀನೆಲ್ಲಿ ಇದ್ದಿ? ಇವರು ಕರೆದರು, ನಾನು ಬಂದೆ."

ಕೆಂಪು ಟೊಪ್ಪಿಯ ಹೆಂಗಸೊಬ್ಬರಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಪ್ರತಿ ಬೇಸಿಗೆ ಒಟ್ಟಿಗೆ ಬೆಟ್ಟಕ್ಕೆ ಬರುವ ನೆರೆಹೊರೆಯವರು ಅವರು. ಬೆಂಚಿನಲ್ಲಿ ಒಬ್ಬರೇ ಕೂತಿದ್ದಾರಲ್ಲ ಎಂದು ಕೈ ಚಾಚಿದರಂತೆ, ಅತ್ತೆ ತಕ್ಷಣ ಎದ್ದರಂತೆ. ಕೋಪ ಎಲ್ಲಿಗೆ ಹೋಯಿತೋ, ನಾನೂ ಒಂದು ಚಿಕ್ಕಿ ತಿಂದೆ.

ಗೋಡೆಯ ನಡುವಿನಲ್ಲಿ ಬಣ್ಣದ ಚುಕ್ಕಿಗಳು ಮೆಲ್ಲಗೆ ಚಲಿಸುತ್ತಿದ್ದವು. ಹಗ್ಗ ಕಟ್ಟಿಕೊಂಡು ಹತ್ತುವವರು ಎಂದು ಮಗಳು ತೋರಿಸಿದಳು. ಅತ್ತೆ ಎದೆಯ ಮೇಲೆ ಕೈಯಿಟ್ಟು, "ಅಯ್ಯೋ, ಇವರ ಅಮ್ಮಂದಿರಿಗೆ ಗೊತ್ತುಂಟಾ?" ಎಂದರು. ಅದನ್ನು ಇಂಗ್ಲಿಷಿಗೆ, ಅಲ್ಲಿಂದ ಇಟಾಲಿಯನ್ನಿಗೆ ದಾಟಿಸಿದಾಗ ಆ ಹೆಂಗಸರು ಕೋಲು ಬಿಟ್ಟು ನಕ್ಕರು.

ಈಗ ಇಳಿಯುವ ಎಂದೆ. ಅತ್ತೆ ಮುಂದೆ ದೂರದಲ್ಲಿ ಕಾಣುತ್ತಿದ್ದ ಕೆಂಪು ಕಿಟಕಿಗಳ ಮನೆಯನ್ನೂ, ಅಲ್ಲಿಗೆ ಹೋಗುವ ದಾರಿಯನ್ನೂ ನೋಡಿದರು. "ಬಂದ ದಾರಿಯಲ್ಲೇ ಯಾಕೆ ವಾಪಸ್? ಸುತ್ತ ಹೋಗ್ಲಿಕ್ಕಲ್ವಾ ಬಂದದ್ದು?"

ಸುತ್ತಿಯೇ ಹೋದೆವು. ಆ ಮನೆಯಲ್ಲಿ ಎಲ್ಲರೂ ಒಂದೇ ಮೇಜಿಗೆ ಕೂತು ಬಿಸಿ ಸೂಪು ಕುಡಿದೆವು. ಗೋಡೆಯಲ್ಲಿದ್ದ ಫಲಕ ಓದಿ ಮಗಳು, ಈ ಬೆಟ್ಟಗಳೆಲ್ಲ ಕೋಟಿಗಟ್ಟಲೆ ವರ್ಷಗಳ ಹಿಂದೆ ಸಮುದ್ರದ ತಳವಾಗಿದ್ದವು, ಕಲ್ಲಿನಲ್ಲಿ ಈಗಲೂ ಚಿಪ್ಪುಗಳು ಸಿಗುತ್ತವೆ ಎಂದಳು. "ಸಮುದ್ರವಾ? ಹಾಗಾದ್ರೆ ಮೀನು ಸಿಗ್ತದಾ ಕೇಳು" ಎಂದರು ಅತ್ತೆ. ಸೂಪು ಮುಗಿದ ಮೇಲೆ ಆ ಹೆಂಗಸರು ತಮ್ಮ ಊರಿನದೊಂದು ಹಾಡು ಹೇಳಿದರು. ಅತ್ತೆಯ ಕಡೆ ನೋಡಿದರು. ಅತ್ತೆ ಸ್ವಲ್ಪವೂ ಬಿಂಕ ಮಾಡದೆ, ಭತ್ತದ ಸಸಿ, ನೇಜಿ, ನೆಡುವಾಗ ಗದ್ದೆಯಲ್ಲಿ ಹೇಳುವ ತುಳು ಹಾಡೊಂದನ್ನು ಎತ್ತಿಕೊಂಡರು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವರು ಹಾಡಿದ್ದನ್ನು ನಾನು ಕೇಳಿರಲಿಲ್ಲ. ಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದಾಗ ಮಾತ್ರ ಅವರ ಕೆನ್ನೆ ಕೆಂಪಾಯಿತು.

ಹಿಂದಿನ ಬದಿಯಲ್ಲಿ ದಾರಿ ಕೆಳಗಿಳಿದು, ಹುಲ್ಲುಗಾವಲು ದಾಟಿ, ಪುಟ್ಟ ಹೊಂಡಗಳ ಬಳಿ ಹಾದು, ಮತ್ತೆ ಏರುತ್ತದೆ. ಆ ಕೊನೆಯ ಏರು ಅತ್ತೆಯನ್ನು ನಿಲ್ಲಿಸಿತು. ಕೋಲಿನ ಮೇಲೆ ಭಾರ ಬಿಟ್ಟು, "ಇನ್ನು ನನ್ನಿಂದ ಆಗುದಿಲ್ಲ ಮಗಾ" ಎಂದರು. ಅಲ್ಲಿಯವರೆಗೆ ಸ್ವತಃ ಕುಂಟುತ್ತಿದ್ದ ಮಗಳು ಹಿಂದೆ ಬಂದು ಅಜ್ಜಿಯ ಬೆನ್ನಿಗೆ ಎರಡೂ ಕೈ ಕೊಟ್ಟಳು.

"ಆಗ್ತದೆ ಅಜ್ಜಿ. ಸ್ವಲ್ಪವೇ ಉಂಟು. ನಾನು ದೂಡ್ತೇನೆ."

ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ. ಅವಳ ಬಾಯಲ್ಲಿ ಊರಿನ ಮಾತು ಬಂದದ್ದನ್ನು ಅಜ್ಜಿಯೂ ಗಮನಿಸಿದರು, ನಾನೂ ಗಮನಿಸಿದೆ. ಅವಳು ದೂಡಿದಳು, ಕೆಂಪು ಟೊಪ್ಪಿಯವರು ಮುಂದಿನಿಂದ ಕೈ ಕೊಟ್ಟರು, ಅತ್ತೆ ನಡುನಡುವೆ ನಗುತ್ತಾ, ನಗು ಬಂದಾಗೆಲ್ಲ ನಿಲ್ಲುತ್ತಾ, ಮೇಲೆ ಬಂದರು. ಕೆಳಗೆ ನಮ್ಮ ಬಸ್ಸು ಕಾಣಿಸಿತು. ಬೀಳ್ಕೊಡುವಾಗ ಆ ಹೆಂಗಸರು ಸಾಲಾಗಿ ಅತ್ತೆಯ ಎರಡೂ ಕೆನ್ನೆಗಳಿಗೆ ಮುತ್ತು ಕೊಟ್ಟರು. ಅತ್ತೆ ಪ್ರತಿಯೊಬ್ಬರಿಗೂ ಕೈ ಮುಗಿದರು.

ಮರುದಿನ ಬೆಳಿಗ್ಗೆ ನಮ್ಮಲ್ಲಿ ಯಾರಿಗೂ ಕಾಲು ಮಡಚಲು ಆಗಲಿಲ್ಲ. ಮಲಗುವ ಕೋಣೆ ಮೇಲಿನ ಮಹಡಿಯಲ್ಲಿತ್ತು, ಕಾಫಿ ಕೆಳಗೆ. ಮೂವರೂ ಮರದ ಮೆಟ್ಟಿಲ ಮೇಲೆ ಕುಳಿತುಕೊಂಡೇ, ಒಬ್ಬರ ಹಿಂದೆ ಒಬ್ಬರು, ಮಕ್ಕಳ ಜಾರುಬಂಡೆಯ ಹಾಗೆ ಇಳಿದೆವು. ಎಲ್ಲರಿಗಿಂತ ಮುಂದೆ ಅತ್ತೆ. ಮ್ಯಾನೇಜರ ತಾಯಿ ಕೈಯಲ್ಲಿ ಕಾಫಿಯ ಕೆಟಲ್ ಹಿಡಿದು ಕೆಳಗೆ ನಿಂತು, ನಗು ತಡೆಯಲಾರದೆ ಗೋಡೆಗೆ ಒರಗಿಬಿಟ್ಟಿದ್ದರು.