ಡಾಕ್ಟ್ರಮ್ಮನ ಕೂದಲಲ್ಲಿ ಅರಿಶಿನ

"ಅಯ್ಯೋ, ಬ್ಯಾಡ ಕಣಮ್ಮ! ಅಷ್ಟೊಂದು ಓದ್ದೋರು ನನ್ ಕಾಲ್ ಮುಟ್ಟಾದಾ?" ಎನ್ನುತ್ತಾ ನಮ್ಮ ಶಾಲೆಯ ಬಿಸಿಯೂಟದ ಗಂಗಮ್ಮ ಸರಕ್ಕನೆ ಕಾಲು ಎಳೆದುಕೊಂಡರು. ಎದುರಿಗೆ ನೆಲದ ಮೇಲೆ ಕೂತಿದ್ದವರು ರಕ್ತನಾಳದ ಸರ್ಜನ್. ದಿನವಿಡೀ ನಿಂತು ದುಡಿಯುವವರ ಕಾಲಿನ ನರ ಏಕೆ ಉಬ್ಬುತ್ತದೆ, ರಕ್ತ ಹೇಗೆ ಹೆಪ್ಪುಗಟ್ಟುತ್ತದೆ ಎಂಬ ಸಂಶೋಧನೆಗೆಂದು ಪುರವರ ಊರಿನ ಸುತ್ತಲಿನ ಶಾಲೆಗಳ ಅಡುಗೆಯವರನ್ನೆಲ್ಲ ನಮ್ಮ ಶಾಲೆಗೆ ಕರೆಸಿದ್ದರು.

ಡಾಕ್ಟ್ರಮ್ಮ ನಕ್ಕು, "ದೊಡ್ಡವರ ಕಾಲು ಮುಟ್ಟಿದರೆ ಆಶೀರ್ವಾದ ಸಿಗುತ್ತಲ್ವಾ?" ಎಂದರು. ಅಷ್ಟೇ ಸಾಕಾಯಿತು. ಕಾಲಿನ ಸ್ಕ್ಯಾನ್ ಮುಗಿಯುವವರೆಗೂ ಗಂಗಮ್ಮ ಡಾಕ್ಟ್ರಮ್ಮನ ತಲೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಸಾಲಿನಲ್ಲಿದ್ದ ಉಳಿದವರೂ ಹಾಗೆಯೇ ಹರಸಿದರು. ಸಂಜೆಗೆ ಡಾಕ್ಟ್ರಮ್ಮನ ಕೂದಲೆಲ್ಲ ಅಡುಗೆಮನೆಯ ಅರಿಶಿನ!

ಗಂಗಮ್ಮನ ಕಾಲಿನ ನರ ಗಂಟುಗಂಟಾಗಿ ಉಬ್ಬಿತ್ತು. ಪುಣ್ಯಕ್ಕೆ ರಕ್ತ ಹೆಪ್ಪುಗಟ್ಟಿರಲಿಲ್ಲ. ಬಿಡುವು ಸಿಕ್ಕಾಗಲೆಲ್ಲ ಕಾಲನ್ನು ಎತ್ತರಕ್ಕಿಟ್ಟು ಕೂರಬೇಕೆಂದು ಡಾಕ್ಟ್ರಮ್ಮ ಹೇಳಿ ಹೋದರು.

ಹನ್ನೊಂದು ವರ್ಷ ಗಂಗಮ್ಮನ ಕೈಯ ಊಟ ಉಂಡ ಹೆಡ್‌ಮೇಷ್ಟ್ರು ನಾನು. ಆ ಕಾಲು ನೋಡಿದ್ದು ಅವತ್ತೇ. ಮೊದಲೆಲ್ಲ ನನ್ನನ್ನು ಕಂಡರೆ ದಡಬಡಿಸಿ ಎದ್ದು ನಿಲ್ಲುತ್ತಿದ್ದ ಗಂಗಮ್ಮ ಈಗ ನನ್ನ ಕೋಣೆಯ ಸ್ಟೂಲಿನ ಮೇಲೇ ಕಾಲು ಚಾಚಿ ಕೂತು ನಗುತ್ತಾರೆ: "ಡಾಕ್ಟ್ರಮ್ಮನ ಆರ್ಡ್ರು ಸಾ, ಏಳಾಕಿಲ್ಲ!"